ಕಂಪ್ಯೂಟರ್ ಜಾಲದ ಮರ ಮತ್ತು ಅದರ ಕಾವಲು

ಕಲಬುರಗಿಯ ಬೇಸಿಗೆ ಎಂಥದೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಅಂಥ ಬೇಸಿಗೆಯ ಒಂದು ಮಧ್ಯಾಹ್ನ, ನಗರದ ಅಂಚಿಗೆ ಸೇರಿಕೊಂಡಿರುವ ಕೋಟನೂರದ ಒಂದು ಕಾಲೇಜಿನಲ್ಲಿ ನಾವಿದ್ದೆವು. ಪರೀಕ್ಷೆಯ ಅರ್ಜಿಗಳನ್ನು ಕಂಪ್ಯೂಟರಿನ ಮೂಲಕ ಕಳಿಸುವುದಕ್ಕೆ ಅದೇ ಕಡೆಯ ದಿನ. ಕಮಲಾಪುರದಿಂದ ಬಸ್ಸು ಹಿಡಿದು ಬಂದಿದ್ದ ಹುಡುಗನೊಬ್ಬ ತನ್ನ ಅರ್ಜಿಯ ಕೊನೆಯ ಪುಟವನ್ನು ತುಂಬಿ ಗುಂಡಿಯನ್ನೊತ್ತಿದ. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು, ತಿರುಗುತ್ತಲೇ ಉಳಿಯಿತು. ಪಕ್ಕದ ಕಂಪ್ಯೂಟರಿನಲ್ಲಿಯೂ ಅದೇ ಅವಸ್ಥೆ. ಗ್ರಂಥಾಲಯದಿಂದ ಒಬ್ಬರು, ಕಚೇರಿಯಿಂದ ಇನ್ನೊಬ್ಬರು ಬಂದು ತಮ್ಮಲ್ಲಿಯೂ ಏನೂ ನಡೆಯುತ್ತಿಲ್ಲವೆಂದರು. ವಿದ್ಯುತ್ತು ಇದೆ, ತಂತಿಗಳೆಲ್ಲ ನೆಟ್ಟಗಿವೆ, ಹೊರಗಿನಿಂದ ಬರುವ ಸಂಪರ್ಕವೂ ಸರಿಯಾಗಿದೆ. ಆದರೂ ಜಾಲವೆಲ್ಲ ಸ್ತಬ್ಧ!

ಗೋಡೆಯ ಕಪಾಟನ್ನು ತೆರೆದು ನೋಡಿದಾಗ, ಅಲ್ಲಿದ್ದ ಸ್ವಿಚ್ಚೆಂಬ ಪೆಟ್ಟಿಗೆಯ ಮೇಲಿನ ಹಸುರು ದೀಪಗಳೆಲ್ಲ ಒಟ್ಟೊಟ್ಟಿಗೆ ಹುಚ್ಚೆದ್ದಂತೆ ಮಿನುಗುತ್ತಿದ್ದವು. ಒಂದೊಂದೇ ತಂತಿಯನ್ನು ಕಿತ್ತು ನೋಡುತ್ತ ಹೋದೆವು. ಕಾರಣ ಸಿಕ್ಕಿದ್ದು ಸಂಜೆ ಆರು ಗಂಟೆಗೆ. ಬೆಳಗ್ಗೆ ಕೊಠಡಿಯನ್ನು ಗುಡಿಸಿದವರು, ನೇತಾಡುತ್ತಿದ್ದ ಒಂದು ತಂತಿಯ ತುದಿಯನ್ನು ಕಂಡು, ಅದು ಕಾಲಿಗೆ ತೊಡರದಿರಲೆಂದು ಗೋಡೆಯ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಅದರ ಇನ್ನೊಂದು ತುದಿಯೂ ಪಕ್ಕದ ಸಾಕೆಟ್ಟಿನಲ್ಲಿಯೇ ಇತ್ತು. ಮಾಡಿದುದು ಒಳ್ಳೆಯ ಕೆಲಸವೇ. ಆಗಿದ್ದು ಮಾತ್ರ ಅನಾಹುತ. ಹುಡುಗನ ಅರ್ಜಿ ಅಂದು ಹೋಗಲಿಲ್ಲ. ಮರುದಿನ ದಂಡ ತೆತ್ತು ಕಳಿಸಬೇಕಾಯಿತು.

ಮೂರು ಮೊಳದ ಒಂದು ತಂತಿ ಇಡೀ ಕಾಲೇಜಿನ ಜಾಲವನ್ನು ಕೆಡವಿದುದು ಹೇಗೆ? ಕೆಡವದಂತೆ ತಡೆಯುವುದು ಹೇಗೆ? ಇವೆರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಡಂಗುರದ ದೃಷ್ಟಾಂತ

ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಒಂದಕ್ಕೊಂದು ಹೊಂದಿಸುವ ವ್ಯವಸ್ಥೆಗೆ ಈಥರ್ನೆಟ್ ಎಂದು ಹೆಸರು. ೧೯೭೩ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿ ಇದು ಹುಟ್ಟಿತು. ಇದರಲ್ಲಿ ಸುದ್ದಿಯು ಫ್ರೇಮುಗಳೆಂಬ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಳಿಸಿದವರ ವಿಳಾಸ, ತಲಪಬೇಕಾದವರ ವಿಳಾಸ ಎರಡೂ ಇರುತ್ತವೆ. ಹಲವು ತಂತಿಗಳು ಬಂದು ಕೂಡುವ ಪೆಟ್ಟಿಗೆಯೇ ಸ್ವಿಚ್ಚು. ತಂತಿ ಸಿಕ್ಕಿಸುವ ಒಂದೊಂದು ಕಿಂಡಿಯನ್ನೂ ನಾವು ದ್ವಾರವೆಂದು ಕರೆಯೋಣ. ಯಾವ ವಿಳಾಸದವರು ಯಾವ ದ್ವಾರದ ಕಡೆ ಇದ್ದಾರೆಂಬುದನ್ನು ಸ್ವಿಚ್ಚು ಬರುವ ಪೊಟ್ಟಣಗಳನ್ನು ನೋಡಿಯೇ ಕಲಿತುಕೊಳ್ಳುತ್ತದೆ. ಮುಂದೆ ಅವರಿಗೆ ಬಂದುದನ್ನು ಆ ದ್ವಾರದಿಂದ ಮಾತ್ರ ಕಳಿಸುತ್ತದೆ.

ಆದರೆ ಕೆಲವು ಪೊಟ್ಟಣಗಳು ಎಲ್ಲರಿಗೂ ಮುಟ್ಟಬೇಕಾದವು. ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದುದನ್ನು ಹಿರಿಯರು ಬಲ್ಲರು. ಕಂಪ್ಯೂಟರೂ ಆಗಾಗ ಹೀಗೆ ಡಂಗುರ ಸಾರುತ್ತದೆ: “ಈ ಸಂಖ್ಯೆಯ ಯಂತ್ರ ಯಾವುದು? ನಿನ್ನ ವಿಳಾಸ ಹೇಳು” ಎಂದು ಕೂಗುತ್ತದೆ. ಡಂಗುರ ಬಂದಾಗ ಸ್ವಿಚ್ಚಿನ ನಿಯಮ ಒಂದೇ: ಬಂದ ದ್ವಾರವನ್ನು ಬಿಟ್ಟು ಉಳಿದೆಲ್ಲ ದ್ವಾರಗಳಿಂದಲೂ ಅದನ್ನು ಹೊರಗೆ ಕಳಿಸು.

ನಿಯಮ ಸರಳವಾಗಿದೆ, ಅಪಾಯ ಅದರಲ್ಲಿಯೇ ಅಡಗಿದೆ. ಊರಿನಲ್ಲಿ ಮೂರು ಓಣಿಗಳು ತ್ರಿಕೋನಾಕಾರವಾಗಿ ಕೂಡಿಕೊಂಡಿವೆಯೆಂದೂ, ಪ್ರತಿ ಓಣಿಯವರೂ ಒಂದು ಕಡೆಯಿಂದ ಕೇಳಿದ ಡಂಗುರವನ್ನು ಮತ್ತೊಂದು ಕಡೆಗೆ ತಪ್ಪದೆ ಸಾರುವರೆಂದೂ ಊಹಿಸಿಕೊಳ್ಳಿರಿ. ಮೊದಲನೆಯವರು ಸಾರಿದುದು ಎರಡನೆಯವರಿಗೆ, ಅಲ್ಲಿಂದ ಮೂರನೆಯವರಿಗೆ, ಅಲ್ಲಿಂದ ತಿರುಗಿ ಮೊದಲನೆಯವರಿಗೇ ಬರುತ್ತದೆ. “ಇದು ನಾವೇ ಹೇಳಿದ್ದು” ಎಂದು ಗುರುತಿಸುವ ಬುದ್ಧಿ ಅವರಿಗಿಲ್ಲ. ಮತ್ತೆ ಸಾರುತ್ತಾರೆ. ಡಂಗುರಕ್ಕೆ ಕೊನೆಯೇ ಇಲ್ಲ.

ಇಂಟರ್ನೆಟ್ಟಿನ ಪೊಟ್ಟಣಗಳಿಗಾದರೆ ಆಯುಸ್ಸಿನ ಲೆಕ್ಕವುಂಟು. ಒಂದೊಂದು ಮಜಲಿಗೂ ಒಂದೊಂದು ಕಳೆಯುತ್ತ ಬಂದು, ಸೊನ್ನೆಯಾದೊಡನೆ ಆ ಪೊಟ್ಟಣವನ್ನು ಎಸೆದುಬಿಡುತ್ತಾರೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯುಸ್ಸು ಇಲ್ಲ. ಸುತ್ತುದಾರಿಗೆ ಬಿದ್ದ ಡಂಗುರ ಯಾರಾದರೂ ತಂತಿಯನ್ನು ಕೀಳುವವರೆಗೆ ಚಿರಂಜೀವಿ.

ಸ್ವಲ್ಪ ಲೆಕ್ಕ ಮಾಡೋಣ. ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಸಾಗಿಸುವ ತಂತಿ ಈಗ ಸಾಮಾನ್ಯ. ಅತಿ ಚಿಕ್ಕ ಫ್ರೇಮು ೬೪ ಬೈಟುಗಳದು. ಮುಂದಿನ ಎಚ್ಚರಿಕೆಯ ೮ ಬೈಟು, ನಡುವೆ ಬಿಡುವ ೧೨ ಬೈಟುಗಳ ತೆರಪು ಸೇರಿ ೮೪ ಬೈಟು, ಅಂದರೆ ೬೭೨ ಬಿಟ್ಟು. ಭಾಗಿಸಿ ನೋಡಿದರೆ, ಒಂದು ತಂತಿಯಲ್ಲಿ ಸೆಕೆಂಡಿಗೆ ಸುಮಾರು ೧೪ ಲಕ್ಷ ೮೮ ಸಾವಿರ ಫ್ರೇಮುಗಳು ಹಾಯಬಲ್ಲವೆಂದಾಯಿತು. ಕಾಲೇಜಿನ ಪ್ರತಿಯೊಂದು ಕಂಪ್ಯೂಟರೂ ಆ ಪ್ರಮಾಣದಲ್ಲಿ ಡಂಗುರ ಕೇಳಬೇಕಾಗಿ ಬಂದರೆ, ಬೇರೆ ಕೆಲಸಕ್ಕೆ ತಂತಿಯಲ್ಲಿ ಎಡೆಯೆಲ್ಲಿ?

ಸ್ವಿಚ್ಚುಗಳು ನಾಲ್ಕಿದ್ದು, ಪ್ರತಿಯೊಂದೂ ಉಳಿದ ಮೂರಕ್ಕೆ ಜೋಡಿಸಲ್ಪಟ್ಟಿದ್ದರೆ ಅವಸ್ಥೆ ಇನ್ನೂ ಭೀಕರ. ಮೊದಲ ಮಜಲಿನಲ್ಲಿ ಮೂರು ಪ್ರತಿಗಳು. ಪ್ರತಿಯೊಂದೂ ಮುಂದಿನ ಮಜಲಿನಲ್ಲಿ ಎರಡಾಗುತ್ತದೆ. ಮೂರು, ಆರು, ಹನ್ನೆರಡು ಎಂದು ಬೆಳೆದು ಹತ್ತನೆಯ ಮಜಲಿಗೆ ೧,೫೩೬, ಇಪ್ಪತ್ತನೆಯದಕ್ಕೆ ೧೫,೭೨,೮೬೪! ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ತಂತಿ ಅದಕ್ಕೆ ಬಹಳ ಮೊದಲೇ ತುಂಬಿ ತುಳುಕುತ್ತದೆ. ಇದನ್ನೇ ಯಂತ್ರಜ್ಞರು ಡಂಗುರದ ಬಿರುಗಾಳಿಯೆನ್ನುತ್ತಾರೆ.

ಮರದ ಗುಣ

ಹಾಗಾದರೆ ಸುತ್ತುದಾರಿಯೇ ಇಲ್ಲದಂತೆ ತಂತಿ ಎಳೆದರಾಯಿತಲ್ಲವೆ? ಆಗದು. ಎರಡು ಕಟ್ಟಡಗಳ ನಡುವೆ ಒಂದೇ ತಂತಿಯಿದ್ದು, ಅದನ್ನು ಹೆಗ್ಗಣ ಕಡಿದರೆ ಅಥವಾ ಕೊಳಾಯಿಗಾಗಿ ನೆಲ ಅಗೆದವರು ತುಂಡರಿಸಿದರೆ ಆ ಕಡೆಯವರು ದ್ವೀಪವಾಸಿಗಳಾಗುತ್ತಾರೆ. ಆದ್ದರಿಂದ ಎರಡನೆಯ ದಾರಿ ಬೇಕು. ಎರಡನೆಯ ದಾರಿಯಿದ್ದರೆ ಸುತ್ತು ಬರುತ್ತದೆ. ಬೇಕು, ಆದರೆ ಬೇಡ ಎಂಬ ಈ ಸಂಕಟಕ್ಕೆ ಪರಿಹಾರವನ್ನು ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಗಣಕವಿಜ್ಞಾನಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಕೆಲಸ ಮಾಡುತ್ತಿದ್ದ ಆಕೆ ೧೯೮೫ರಲ್ಲಿ ಅದನ್ನು ಪ್ರಕಟಿಸಿದರು. ಆ ಪ್ರಬಂಧದ ಸಾರಾಂಶವನ್ನು ಒಂದು ಪುಟ್ಟ ಪದ್ಯವಾಗಿಯೇ ಬರೆದರೆಂಬುದು ಸ್ವಾರಸ್ಯದ ಸಂಗತಿ. ಪದ್ಯದ ವಿಷಯ: ಮರ.

ಮರವನ್ನು ನೋಡಿರಿ. ಬೇವಿನ ಮರದ ಯಾವ ಎಲೆಯಿಂದ ಯಾವ ಎಲೆಗೆ ಹೋಗಬೇಕಾದರೂ ಇರುವೆಗೆ ಕೊಂಬೆಗಳ ಮೇಲೆ ದಾರಿಯುಂಟು. ಆದರೆ ಒಂದೇ ದಾರಿ. ಕೊಂಬೆಗಳು ಕವಲೊಡೆಯುತ್ತವೆ, ಮರಳಿ ಕೂಡುವುದಿಲ್ಲ. ಗಣಿತಜ್ಞರು ಈ ಗುಣವನ್ನೇ ಎತ್ತಿಕೊಂಡು, ಎಲ್ಲ ಬಿಂದುಗಳನ್ನೂ ಮುಟ್ಟಿ ಎಲ್ಲಿಯೂ ಸುತ್ತಿಲ್ಲದ ರೇಖಾಚಿತ್ರವನ್ನು ಸ್ಪ್ಯಾನಿಂಗ್ ಟ್ರೀ ಎಂದು ಕರೆದರು. ನಾವು ಇದನ್ನು ವ್ಯಾಪ್ತಿವೃಕ್ಷವೆನ್ನಬಹುದು. ಈ ಕಲ್ಪನೆ ಕಂಪ್ಯೂಟರಿಗಿಂತ ಹಳೆಯದು. ೧೯೨೬ರಲ್ಲಿಯೇ ಚೆಕ್ ಗಣಿತಜ್ಞ ಒಟಾಕರ್ ಬೊರೂವ್ಕ ಮೊರಾವಿಯ ಪ್ರಾಂತದ ಊರುಗಳಿಗೆ ಅತಿ ಕಡಮೆ ತಂತಿಯಲ್ಲಿ ವಿದ್ಯುತ್ತನ್ನು ಮುಟ್ಟಿಸುವುದು ಹೇಗೆಂದು ಇದರಿಂದ ಲೆಕ್ಕ ಹಾಕಿದ್ದನು.

ಬಿಂದುಗಳು ಎಷ್ಟಿರಲಿ, ಅವುಗಳ ಮರಕ್ಕೆ ಬೇಕಾದ ರೇಖೆಗಳು ಅದಕ್ಕಿಂತ ಒಂದು ಕಡಮೆ. ಹಿಂದೆ ಹೇಳಿದ ನಾಲ್ಕು ಸ್ವಿಚ್ಚುಗಳ ನಡುವೆ ಆರು ತಂತಿಗಳಿವೆ. ಮರಕ್ಕೆ ಮೂರು ಸಾಕು. ಉಳಿದ ಮೂರನ್ನು ಕೀಳಬೇಕಾಗಿಲ್ಲ. ದ್ವಾರವನ್ನು ಮುಚ್ಚಿಟ್ಟರೆ ಸಾಕು. ಇದೇ ಪರ್ಲ್‌ಮನ್ ಉಪಾಯದ ತಿರುಳು. ತಂತಿಗಳು ಸುತ್ತಾಗಿಯೇ ಇರಲಿ, ಸಂಚಾರ ಮಾತ್ರ ಮರದ ಮೇಲೆ ನಡೆಯಲಿ. ಒಂದು ಕೊಂಬೆ ಮುರಿದಾಗ ಮುಚ್ಚಿದ ದ್ವಾರವೊಂದು ತೆರೆದುಕೊಂಡು ಹೊಸ ಮರವಾಗಲಿ. ೧೯೯೦ರಲ್ಲಿ ಈ ವಿಧಾನ ಮಾನಕವಾಯಿತು.

ಬೇರಿನ ಆಯ್ಕೆ

ಈ ಮರವನ್ನು ಯಾವ ಅಧಿಕಾರಿಯೂ ಕುಳಿತು ಬರೆಯುವುದಿಲ್ಲ. ಸ್ವಿಚ್ಚುಗಳೇ ಮಾತಾಡಿಕೊಂಡು ಕಟ್ಟಿಕೊಳ್ಳುತ್ತವೆ. ಇದಕ್ಕಾಗಿ ಅವು ಎರಡು ಸೆಕೆಂಡಿಗೊಮ್ಮೆ ಹೊರಡಿಸುವ ಪುಟ್ಟ ಪತ್ರಕ್ಕೆ ಯಂತ್ರಜ್ಞರ ಹೆಸರು ಬಿ.ಪಿ.ಡಿ.ಯು.; ನಾವು ನಿಯಮಸಂದೇಶವೆನ್ನೋಣ. ಪ್ರತಿ ಸ್ವಿಚ್ಚಿಗೂ ಆದ್ಯತೆಯ ಅಂಕೆಯೊಂದುಂಟು, ಕಾರ್ಖಾನೆಯಲ್ಲಿ ಕೊಟ್ಟ ೪೮ ಬಿಟ್ಟುಗಳ ವಿಳಾಸವೊಂದುಂಟು. ಯಾರ ಅಂಕೆ ಅತಿ ಚಿಕ್ಕದೋ ಅವರೇ ಮರದ ಬೇರು. ಅಂಕೆಗಳು ಸಮವಾದರೆ ವಿಳಾಸ ಚಿಕ್ಕದಾದವರು. ಉಳಿದ ಸ್ವಿಚ್ಚುಗಳು ತಮ್ಮಿಂದ ಬೇರಿಗೆ ಅತಿ ಅಗ್ಗದ ದಾರಿ ಯಾವುದೆಂದು ಕೂಡಿಸಿ ನೋಡುತ್ತವೆ.

ಉದಾಹರಣೆಗೆ ಕಚೇರಿ, ಪ್ರಯೋಗಶಾಲೆ, ಗ್ರಂಥಾಲಯ ಈ ಮೂರರಲ್ಲಿ ಒಂದೊಂದು ಸ್ವಿಚ್ಚಿದ್ದು, ಕಚೇರಿಯದು ಬೇರಾಗಿರಲಿ. ಸೆಕೆಂಡಿಗೆ ನೂರು ಕೋಟಿ ಬಿಟ್ಟಿನ ತಂತಿಗೆ ಬೆಲೆ ೪, ಹತ್ತು ಕೋಟಿ ಬಿಟ್ಟಿನ ತಂತಿಗೆ ಬೆಲೆ ೧೯ ಎಂಬುದು ಬಹುಕಾಲ ರೂಢಿಯಲ್ಲಿರುವ ಲೆಕ್ಕ. ಗ್ರಂಥಾಲಯದಿಂದ ಕಚೇರಿಗೆ ನೇರವಾಗಿ ಹಳೆಯ ನಿಧಾನದ ತಂತಿಯಿದೆ: ಬೆಲೆ ೧೯. ಪ್ರಯೋಗಶಾಲೆಯನ್ನು ಬಳಸಿ ಹೋಗುವ ಎರಡು ತಂತಿಗಳೂ ವೇಗದವು: ೪ ಮತ್ತು ೪, ಒಟ್ಟು ೮. ಗ್ರಂಥಾಲಯದ ಸ್ವಿಚ್ಚು ಬಳಸುದಾರಿಯನ್ನೇ ಆರಿಸಿಕೊಂಡು ನೇರದಾರಿಯ ದ್ವಾರವನ್ನು ಮುಚ್ಚುತ್ತದೆ. ಕೆಸರಿನ ಕಾಲುದಾರಿಯನ್ನು ಬಿಟ್ಟು ಡಾಂಬರು ರಸ್ತೆಯಲ್ಲಿ ಸುತ್ತಿ ಹೋಗುವ ಗಾಡಿಯವನ ವಿವೇಕವೇ ಇದು.

ಕೊಂಬೆ ಮುರಿದರೆ ಹಳೆಯ ವಿಧಾನದಲ್ಲಿ ಸುದ್ದಿ ಹಳತಾಗಲು ೨೦ ಸೆಕೆಂಡು, ಕೇಳುವ ಸ್ಥಿತಿ ೧೫, ಕಲಿಯುವ ಸ್ಥಿತಿ ೧೫, ಒಟ್ಟು ೫೦ ಸೆಕೆಂಡುಗಳವರೆಗೆ ಕಾಯಬೇಕಾಗಿತ್ತು. ೨೦೦೧ರಲ್ಲಿ ಬಂದ ತ್ವರಿತ ವಿಧಾನದಲ್ಲಿ ಇದು ಬಹಳ ಬೇಗ ಮುಗಿಯುತ್ತದೆ.

ಬಾಸ್ಟನ್ನಿನ ನಾಲ್ಕು ದಿನಗಳು

ಇಷ್ಟು ಚತುರವಾದ ವಿಧಾನಕ್ಕೆ ಮತ್ತೆ ಕಾವಲೇಕೆ? ೨೦೦೨ರ ನವೆಂಬರ್ ೧೩ರಂದು ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ ನಡೆದುದನ್ನು ಕೇಳಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಆ ದೊಡ್ಡ ಆಸ್ಪತ್ರೆಯ ಜಾಲ ವರ್ಷದಿಂದ ವರ್ಷಕ್ಕೆ ತುಂಡು ತುಂಡಾಗಿ ಜೋಡಿಸುತ್ತ ಬೆಳೆದಿತ್ತು. ಸಾಮಾನ್ಯ ಕಾಲಮಿತಿಗಳನ್ನಿಟ್ಟುಕೊಂಡರೆ ಮರದ ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚಿರಬಾರದೆಂಬುದು ವಿಧಿ. ಆ ಜಾಲ ಇದನ್ನು ಮೀರಿತ್ತು. ಭಾರಿ ಪ್ರಮಾಣದ ಸಂಶೋಧನ ಮಾಹಿತಿ ಅದರ ಮೇಲೆ ಹರಿದಾಗ ಮರದ ಲೆಕ್ಕಾಚಾರ ತಪ್ಪಿ ಸುತ್ತುಗಳು ಹುಟ್ಟಿಕೊಂಡವು.

ಸುಮಾರು ನಾಲ್ಕು ದಿನಗಳ ಕಾಲ ಆ ಆಸ್ಪತ್ರೆ ಕಂಪ್ಯೂಟರನ್ನು ನಂಬುವಂತಿರಲಿಲ್ಲ. ವೈದ್ಯರು ಔಷಧಗಳನ್ನು ಕಾಗದದ ಮೇಲೆ ಬರೆದರು. ರಕ್ತಪರೀಕ್ಷೆಯ ಫಲಿತಾಂಶಗಳನ್ನು ಜನರು ಕೈಯಲ್ಲಿ ಹಿಡಿದು ಓಡಾಡಿದರು. ಕಂಪ್ಯೂಟರಿನೊಂದಿಗೇ ಬೆಳೆದ ಕಿರಿಯ ವೈದ್ಯರಿಗೆ ಕಾಗದದ ಪದ್ಧತಿಯೇ ಹೊಸದು. ಮೆಚ್ಚತಕ್ಕ ಮಾತೆಂದರೆ, ಆ ಕೇಂದ್ರದ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ ಈ ಸಂಗತಿಯನ್ನು ಮುಚ್ಚಿಡದೆ, ಇತರರಿಗೆ ಪಾಠವಾಗಲೆಂದು ಬಹಿರಂಗವಾಗಿ ವಿವರಿಸಿದರು.

ನಾಲ್ವರು ಕಾವಲುಗಾರರು

ವ್ಯಾಪ್ತಿವೃಕ್ಷದ ವಿಧಾನವು ಮೂರು ನಂಬಿಕೆಗಳ ಮೇಲೆ ನಿಂತಿದೆ: ಬಂದ ನಿಯಮಸಂದೇಶವೆಲ್ಲ ಪ್ರಾಮಾಣಿಕ, ಚಿಕ್ಕ ಅಂಕೆಯವನು ಬೇರಾಗಲು ಯೋಗ್ಯ, ಸಂದೇಶ ಬಾರದಿದ್ದರೆ ಆ ಕಡೆ ಅಪಾಯವಿಲ್ಲ. ಮೂರೂ ಕೆಲವೊಮ್ಮೆ ಸುಳ್ಳಾಗುತ್ತವೆ. ಆದುದರಿಂದ ಸ್ವಿಚ್ಚುಗಳಲ್ಲಿ ಬೇರೆ ಬೇರೆ ಕಾವಲುಗಳನ್ನು ಇಟ್ಟಿರುತ್ತಾರೆ. ಇವು ಬಹುಮಟ್ಟಿಗೆ ತಾವಾಗಿ ಕೆಲಸ ಮಾಡುವುದಿಲ್ಲ. ಜಾಲವನ್ನು ನೋಡಿಕೊಳ್ಳುವವರು ಸ್ವಿಚ್ಚಿಗೆ ಆಜ್ಞೆ ಕೊಟ್ಟು ಎಬ್ಬಿಸಬೇಕು.

ಮೊದಲನೆಯದು ಬಿ.ಪಿ.ಡಿ.ಯು. ಗಾರ್ಡ್. ಇದನ್ನು ತಿಳಿಯಬೇಕಾದರೆ ನಮ್ಮ ಕೋಟನೂರದ ಕತೆಗೆ ಮರಳಬೇಕು. ಅಲ್ಲಿಯ ಸ್ವಿಚ್ಚಿನಲ್ಲಿ ಮರ ಕಟ್ಟುವ ವಿಧಾನ ಇದ್ದೇ ಇತ್ತು. ಆದರೆ ಹಿಂದೊಮ್ಮೆ, ಕಂಪ್ಯೂಟರ್ ಹಚ್ಚಿದ ಮೇಲೆ ಜಾಲ ಸಿಕ್ಕಲು ಅರ್ಧ ನಿಮಿಷ ಹಿಡಿಯುತ್ತದೆಂಬ ದೂರು ಬಂದಾಗ, ಯಾರೋ ಆ ವಿಧಾನವನ್ನೇ ನಿಲ್ಲಿಸಿಬಿಟ್ಟಿದ್ದರು. ನೆಗಡಿಯಾಯಿತೆಂದು ಮೂಗನ್ನು ಕೊಯ್ದಂತೆ! ಕೇಳುವ ೧೫, ಕಲಿಯುವ ೧೫, ಒಟ್ಟು ೩೦ ಸೆಕೆಂಡುಗಳೇ ಆ ತಡಕ್ಕೆ ಕಾರಣ. ಅದಕ್ಕೆ ಸರಿಯಾದ ಮದ್ದು ಬೇರೆಯೇ ಇದೆ. ಕಂಪ್ಯೂಟರುಗಳು ಮಾತ್ರ ಸೇರತಕ್ಕ ದ್ವಾರಗಳನ್ನು ಅಂಚಿನ ದ್ವಾರಗಳೆಂದು ಸಾರಿದರೆ, ಪೋರ್ಟ್‌ಫಾಸ್ಟ್ ಎಂಬ ಈ ಏರ್ಪಾಡಿನಿಂದ ಅವು ಕಾಯದೆ ತೆರೆದುಕೊಳ್ಳುತ್ತವೆ. ಅಂಚಿನ ದ್ವಾರದಲ್ಲಿ ಇನ್ನೊಂದು ಸ್ವಿಚ್ಚು ಇರಬಾರದು. ಆದ್ದರಿಂದ ಅಲ್ಲಿಗೆ ನಿಯಮಸಂದೇಶವೂ ಬರಬಾರದು. ಬಂದರೆ ಏನೋ ಮೋಸವಿದೆಯೆಂದೇ ಅರ್ಥ. ಬಿ.ಪಿ.ಡಿ.ಯು. ಗಾರ್ಡ್ ಆ ಕ್ಷಣವೇ ದ್ವಾರವನ್ನು ಮುಚ್ಚಿಬಿಡುತ್ತದೆ. ಎರಡು ಸಾಕೆಟ್ಟುಗಳಿಗೆ ಒಂದೇ ತಂತಿಯನ್ನು ಸಿಕ್ಕಿಸಿದಾಗ ಸ್ವಿಚ್ಚು ತನ್ನ ಸಂದೇಶವನ್ನೇ ತಾನು ಕೇಳಿಸಿಕೊಳ್ಳುತ್ತದೆ. ಕೇಳಿದೊಡನೆ ಬಾಗಿಲು ಹಾಕುತ್ತದೆ.

ಎರಡನೆಯದು ರೂಟ್ ಗಾರ್ಡ್, ಎಂದರೆ ಬೇರಿನ ಕಾವಲು. ಕಾರ್ಖಾನೆಯಿಂದ ಬರುವಾಗ ಎಲ್ಲ ಸ್ವಿಚ್ಚುಗಳ ಆದ್ಯತೆಯೂ ೩೨,೭೬೮. ಹಾಗೆಯೇ ಬಿಟ್ಟರೆ ವಿಳಾಸ ಚಿಕ್ಕದಾದುದೇ ಬೇರು. ಒಬ್ಬನೇ ತಯಾರಕನ ಸ್ವಿಚ್ಚುಗಳಲ್ಲಿ ಹಳೆಯವಕ್ಕೆ ಅನೇಕ ವೇಳೆ ಚಿಕ್ಕ ವಿಳಾಸವಿರುತ್ತದೆ. ಉಗ್ರಾಣದ ಮುದಿ ಪೆಟ್ಟಿಗೆಯೊಂದನ್ನು ಯಾರೋ ತಂದು ಮೂಲೆಯಲ್ಲಿ ಜೋಡಿಸಿದೊಡನೆ ಅದೇ ಸಿಂಹಾಸನವೇರಿ, ಇಡೀ ಸಂಸ್ಥೆಯ ಸಂಚಾರವನ್ನು ತನ್ನತ್ತ ಎಳೆದುಕೊಳ್ಳಬಹುದು. ಆದುದರಿಂದ ಮೊದಲು ಬೇರಾಗಬೇಕಾದ ಸ್ವಿಚ್ಚಿಗೆ ೪,೦೯೬, ಅದು ಕೆಟ್ಟರೆ ಉತ್ತರಾಧಿಕಾರಿಯಾಗತಕ್ಕದ್ದಕ್ಕೆ ೮,೧೯೨ ಎಂದು ನಾವೇ ಅಂಕೆ ಕೊಡಬೇಕು; ಈ ಅಂಕೆ ೪,೦೯೬ರ ಮಡಿಕೆಯಲ್ಲಿಯೇ ಇರಬೇಕೆಂಬುದು ನಿಯಮ. ಬಳಿಕ ಕೆಳಗಿನ ಕೊಂಬೆಗಳತ್ತ ಮುಖಮಾಡಿದ ದ್ವಾರಗಳಲ್ಲಿ ರೂಟ್ ಗಾರ್ಡ್ ಇಡಬೇಕು. ಆ ಕಡೆಯಿಂದ “ನಾನೇ ಬೇರು” ಎಂಬ ಮಾತು ಬಂದರೆ ದ್ವಾರ ಸಂಚಾರವನ್ನು ತಡೆಹಿಡಿಯುತ್ತದೆ. ಆ ಮಾತು ನಿಂತ ಮೇಲೆ ತಾನಾಗಿ ತೆರೆಯುತ್ತದೆ.

ಮೂರನೆಯದು ಲೂಪ್ ಗಾರ್ಡ್, ಸುತ್ತಿನ ಕಾವಲು. ಇದರ ಹಿಂದಿನ ವಿಚಾರ ಬಹಳ ಸೊಗಸಾದುದು. ಹಿಂದಿನ ಕಾಲದ ರೈಲ್ವೆ ಕೈಮರವನ್ನು ಎಳೆಯುವ ತಂತಿ ಕಡಿದುಹೋದರೆ, ಕೈ ತಾನಾಗಿಯೇ ‘ನಿಲ್ಲು’ ಎಂಬ ಸ್ಥಿತಿಗೆ ಮರಳುವಂತೆ ತೂಕವನ್ನು ಹೊಂದಿಸಿರುತ್ತಿದ್ದರು. ಕೆಟ್ಟಾಗಲೂ ಕೇಡಾಗದಂತೆ ಕೆಡುವುದು ಒಳ್ಳೆಯ ಯಂತ್ರದ ಲಕ್ಷಣ. ವ್ಯಾಪ್ತಿವೃಕ್ಷದ ರೀತಿ ಇದಕ್ಕೆ ತಿರುಗುಮುರುಗು. ಮುಚ್ಚಿದ ದ್ವಾರಕ್ಕೆ ಎದುರಿನಿಂದ ಸಂದೇಶ ಬರುವುದು ನಿಂತರೆ, ಆ ದಾರಿಯಲ್ಲಿ ಈಗ ಯಾರೂ ಇಲ್ಲವೆಂದು ಬಗೆದು ಅದು ತೆರೆದುಕೊಳ್ಳುತ್ತದೆ. ಮೌನವನ್ನು ಸಮ್ಮತಿಯೆಂದು ತಿಳಿಯುತ್ತದೆ! ಆದರೆ ಬೆಳಕಿನ ಎಳೆಯ ಜೋಡಿಯಲ್ಲಿ ಒಂದು ಮಾತ್ರ ಕೆಟ್ಟು, ಒಂದೇ ದಿಕ್ಕಿನಲ್ಲಿ ಸಂಚಾರ ಉಳಿದಿರಬಹುದು. ಎದುರಿನವನು ಮಾತಾಡುತ್ತಲೇ ಇದ್ದಾನೆ, ಇವನಿಗೆ ಕೇಳಿಸುತ್ತಿಲ್ಲ, ಅಷ್ಟೆ. ಆಗ ದ್ವಾರ ತೆರೆದರೆ ಸುತ್ತು ಖಂಡಿತ. ಲೂಪ್ ಗಾರ್ಡ್ ಇರುವಲ್ಲಿ ಸಂದೇಶ ಒಮ್ಮೆಗೇ ನಿಂತಾಗ ದ್ವಾರ ತೆರೆಯುವುದಿಲ್ಲ. ಮತ್ತೆ ಮಾತು ಕೇಳಿಸುವವರೆಗೆ ಮುಚ್ಚಿಕೊಂಡೇ ಇರುತ್ತದೆ. ಬೇರಿನತ್ತ ನೋಡುವ ದ್ವಾರ, ಮುಚ್ಚಿಟ್ಟ ಬದಲಿ ದ್ವಾರ, ಇವು ಅದರ ಸ್ಥಾನ.

ನಾಲ್ಕನೆಯದು ಸ್ಟಾರ್ಮ್ ಕಂಟ್ರೋಲ್, ಬಿರುಗಾಳಿಯ ಕಡಿವಾಣ. ಮೇಜಿನ ಮೇಲಿಡುವ ಅಗ್ಗದ ಸಣ್ಣ ಸ್ವಿಚ್ಚುಗಳಿಗೆ ಮರ ಕಟ್ಟುವ ವಿದ್ಯೆ ಬಾರದು. ಅವುಗಳಲ್ಲಿ ಕೆಲವು ನಿಯಮಸಂದೇಶವನ್ನು ದಾಟಿಸದೆ ನುಂಗಿಬಿಡುತ್ತವೆ. ಅಂಥದರಲ್ಲಿ ಸುತ್ತು ಬಿದ್ದರೆ ಮೊದಲನೆಯ ಕಾವಲುಗಾರನಿಗೆ ಸುಳಿವೇ ಸಿಕ್ಕದು. ಆದರೆ ಡಂಗುರಗಳ ಪ್ರವಾಹ ಮಾತ್ರ ಬಂದೇ ಬರುತ್ತದೆ. ಒಂದು ದ್ವಾರದಿಂದ ಇಷ್ಟಕ್ಕಿಂತ ಹೆಚ್ಚು ಡಂಗುರ ಒಳಗೆ ಬಾರದಿರಲಿ ಎಂದು ಮಿತಿ ಹಾಕಿದ್ದರೆ, ಕಾರಣ ತಿಳಿಯದಿದ್ದರೂ ಕೆಡುಕು ಆ ಮೂಲೆಯಲ್ಲಿಯೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಬಿ.ಪಿ.ಡಿ.ಯು. ಫಿಲ್ಟರ್ ಎಂಬ ಇನ್ನೊಂದು ಏರ್ಪಾಡಿದೆ. ಹೆಸರು ಗಾರ್ಡಿನ ಸೋದರನಂತಿದ್ದರೂ ಗುಣ ಬೇರೆ. ದ್ವಾರವೊಂದರಲ್ಲಿ ನೇರವಾಗಿ ಅದನ್ನು ಹಾಕಿದರೆ, ಆ ದ್ವಾರ ನಿಯಮಸಂದೇಶವನ್ನು ಕಳಿಸುವುದೂ ಇಲ್ಲ, ಕೇಳುವುದೂ ಇಲ್ಲ. ಮರ ಕಟ್ಟುವ ವಿಧಾನವನ್ನೇ ನಿಲ್ಲಿಸಿದಂತೆ. ಕಾವಲುಗಾರನೆಂದು ಕುರುಡನನ್ನೂ ಕಿವುಡನನ್ನೂ ಬಾಗಿಲಲ್ಲಿ ಕೂರಿಸಬಾರದು.

ಮಾಡಿ ನೋಡಿರಿ

ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ನಾಲ್ಕು ಚುಕ್ಕೆಗಳನ್ನಿಟ್ಟು, ಎಲ್ಲವನ್ನೂ ಎಲ್ಲಕ್ಕೂ ಸೇರಿಸಿ ಆರು ಗೆರೆಗಳನ್ನೆಳೆಯಿರಿ. ಅವುಗಳಲ್ಲಿ ಸುತ್ತು ಉಂಟಾಗದಂತೆ ಮೂರು ಮೂರನ್ನು ಆರಿಸುತ್ತ ಎಷ್ಟು ಮರಗಳಾಗುವುವೆಂದು ಎಣಿಸಿರಿ. ಆರರಲ್ಲಿ ಮೂರನ್ನು ೨೦ ಬಗೆಯಲ್ಲಿ ಆರಿಸಬಹುದು. ಅದರಲ್ಲಿ ೪ ತ್ರಿಕೋನಗಳು ಸುತ್ತುಗಳು. ಉಳಿದ ೧೬ ಮರಗಳು. ಬಿಂದುಗಳು ‘ನ’ ಇದ್ದರೆ, ‘ನ’ವನ್ನು ‘ನ’ಕ್ಕಿಂತ ಎರಡು ಕಡಮೆ ಸಲ ಗುಣಿಸಿಕೊಂಡಾಗ ಬರುವ ಸಂಖ್ಯೆಯೇ ಮರಗಳ ಲೆಕ್ಕವೆಂಬುದು ಇಂಗ್ಲಿಷ್ ಗಣಿತಜ್ಞ ಕೇಲಿಯ ಹೆಸರಿನ ಸೂತ್ರ. ಹತ್ತು ಸ್ವಿಚ್ಚುಗಳಿದ್ದರೆ ಹತ್ತು ಕೋಟಿ ಮರಗಳು! ಅಷ್ಟರಲ್ಲಿ ಒಂದನ್ನು ಎಲ್ಲ ಸ್ವಿಚ್ಚುಗಳೂ ತಕರಾರಿಲ್ಲದೆ ಒಪ್ಪಿಕೊಳ್ಳುವುದು ಚಿಕ್ಕ ಅದ್ಭುತವೇನಲ್ಲ. ತಂತಿಯಿಂದ ಪರೀಕ್ಷಿಸುವ ಉತ್ಸಾಹವುಳ್ಳವರು ಬೇರೆ ಯಾವ ಜಾಲಕ್ಕೂ ಸೇರದ ಸ್ವಿಚ್ಚಿನಲ್ಲಿ ಮಾತ್ರ ಮಾಡತಕ್ಕದ್ದು.

ಕೋಟನೂರದ ಆ ಕಾಲೇಜಿನಲ್ಲಿ ನಿಲ್ಲಿಸಿದ್ದ ವಿಧಾನವನ್ನು ಮರುವಾರವೇ ಮತ್ತೆ ಆರಂಭಿಸಿ, ಅಂಚಿನ ದ್ವಾರಗಳನ್ನು ಗುರುತಿಸಿ, ಕಾವಲುಗಳನ್ನು ಅವುಗಳ ಸ್ಥಾನದಲ್ಲಿ ಇಡಲಾಯಿತು. ಒಂದು ರಜೆಯ ದಿನ, ಕೊಠಡಿ ಗುಡಿಸುವ ಅದೇ ವ್ಯಕ್ತಿಯನ್ನು ಕರೆದು, ಅದೇ ತಂತಿಯನ್ನು ಅವೇ ಎರಡು ಸಾಕೆಟ್ಟುಗಳಿಗೆ ಸಿಕ್ಕಿಸಿರೆಂದು ನಾವೇ ಕೇಳಿಕೊಂಡೆವು. ಅವರು ಅಳುಕುತ್ತಲೇ ಸಿಕ್ಕಿಸಿದರು. ಎರಡು ಸೆಕೆಂಡು ಕಳೆಯುವಷ್ಟರಲ್ಲಿ ಕಪಾಟಿನೊಳಗಿನ ಒಂದು ದೀಪದ ಹಸುರು ಬಣ್ಣ ಹೋಯಿತು. ಉಳಿದ ದೀಪಗಳು ಮೊದಲಿನಂತೆಯೇ ಶಾಂತವಾಗಿ ಮಿನುಗುತ್ತಿದ್ದವು. “ಇಷ್ಟೇ ಏನ್ರಿ?” ಎಂದು ಅವರು ಕೇಳಿದರು.

ಇಷ್ಟೇ. ಮನುಷ್ಯರ ಕೈ ಎಂದಾದರೊಮ್ಮೆ ತಪ್ಪು ತೂತಿಗೆ ತಂತಿ ಸಿಕ್ಕಿಸುವುದು ಸಹಜ. ಅದಕ್ಕಾಗಿ ಗುಡಿಸುವವರನ್ನು ಗದರಿಸುವುದು ಸುಲಭ. ತಪ್ಪು ನಡೆದಾಗಲೂ ದೂರದೂರಿನಿಂದ ಬಂದ ಹುಡುಗನ ಅರ್ಜಿ ನಿಲ್ಲದಂತೆ ಜಾಲವನ್ನು ಕಟ್ಟುವುದು ಅದನ್ನು ಬಲ್ಲವರ ಹೊಣೆ.